ಸತ್ತ ಮನೆಗೆ ಮುಯ್ಯಿ ಇಲ್ಲ

ಆ ಬ್ಯಾನರನ್ನು ನಾನು ಮಾಡಿಕೊಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಂಜನಗೂಡಿನಲ್ಲಿ ನನ್ನ ಅಕ್ಕ ಇರುವ ಹೊಳೆಬೀದಿಯಲ್ಲಿ ಇವತ್ತಿಗೂ ಕೆಲವರು ನನ್ನ ಪರವಾಗಿ ಸಬೂಬು ಹೇಳುತ್ತಾರೆ. ಹುಡುಗ ಮರೆತುಬಿಟ್ಟ, ಮೆಷಿನ್ ಕೆಟ್ಟಿತ್ತು, ಕರೆಂಟ್ ಇರಲಿಲ್ಲ ಅಂತ. ಮೆಷಿನ್ ಚೆನ್ನಾಗಿತ್ತು. ಕರೆಂಟೂ ಇತ್ತು. ಆ ಬ್ಯಾನರಿನ ಸಾಲು ನನಗೆ ಒಪ್ಪಿಗೆ ಇರಲಿಲ್ಲ, ಅಷ್ಟೇ.

ನಾನು ಸೋಸಲೆಯವನು. ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದೆ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಸಂಘದ ಚುನಾವಣೆ, ತೀರಿಕೊಂಡವರ ಶ್ರದ್ಧಾಂಜಲಿ, ಎಲ್ಲವೂ ನನ್ನ ಕೈ ದಾಟಿಯೇ ಊರಿನ ಕಂಬಕ್ಕೆ ಏರುತ್ತವೆ. ಈ ಕೆಲಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪಿಯುಸಿ ಆದಮೇಲೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ನನ್ನ ಸ್ವಭಾವವೇ ಹಾಗೆ, ಒಂದು ವಿಷಯ ಹಿಡಿದರೆ ಅದರ ಬಾಲ ಸಿಗುವ ತನಕ ಬಿಡುವುದಿಲ್ಲ. ಡಿಸೈನ್ ಕಲಿಯುವಾಗಲೇ ಒಂದು ದಿನ, ಭೂಕಂಪದಲ್ಲಿ ಕಲ್ಲುಮಣ್ಣಿನ ಅಡಿ ಸಿಕ್ಕಿಕೊಂಡವರನ್ನು ಹೇಗೆ ಹುಡುಕುತ್ತಾರೆ ಎನ್ನುವ ವಿಡಿಯೋ ಎದುರಾಯಿತು. ಕುಸಿದ ಮನೆಯ ಮೇಲೆ ನಾಯಿ ಓಡಾಡುತ್ತದೆ. ಒಂದು ಕಡೆ ನಿಂತು ಬೊಗಳುತ್ತದೆ. ತಕ್ಷಣ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಅಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಒಳಗಿನಿಂದ ಏನಾದರೂ ಸದ್ದು ಬರುತ್ತದೆಯೇ ಎಂದು. ಅಷ್ಟು ಜನ ಒಬ್ಬ ಗುರುತಿಲ್ಲದವನಿಗಾಗಿ ಒಟ್ಟಿಗೆ ಸುಮ್ಮನಾಗುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತ್ತು. ಅಲ್ಲಿಂದ ಶುರುವಾಯಿತು. ಭೂಕಂಪ, ಚಂಡಮಾರುತ, ಪರಿಹಾರದ ವಿಮಾನದೊಳಗೆ ಮೊದಲು ಡೇರೆ ತುಂಬುತ್ತಾರೋ ಔಷಧಿ ತುಂಬುತ್ತಾರೋ, ಸಿಕ್ಕಿದ್ದನ್ನೆಲ್ಲ ಓದಿದೆ. ಅಂಗಡಿಯಲ್ಲಿ ಊಟಕ್ಕೆ ಕೂತಾಗ ಮುದ್ದೆಯನ್ನು ಎರಡು ಹೋಳು ಮಾಡಿ ಭೂಮಿಯ ಪದರ ಹೇಗೆ ಜಾರುತ್ತದೆಂದು ತೋರಿಸಿದರೆ ನಮ್ಮ ಓನರ್ ಅಣ್ಣ, "ತಿನ್ನೋ ಇಟ್ಟಲ್ಲಿ ಆಟ ಆಡ್ಬ್ಯಾಡ ಕಣೋ" ಎಂದು ಬೈಯುತ್ತಿದ್ದರು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಭಾವನಿಗೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಅವರ ಮನೆಯ ಮುಂಬಾಗಿಲು ಬೀದಿಗೆ, ಅಡುಗೆಮನೆಯ ಹಿಂಗೋಡೆ ಕಪಿಲೆಗೆ. ವಯನಾಡಿನಲ್ಲಿ ಮಳೆ ಹಿಡಿಯಿತು ಎಂದು ಸುದ್ದಿ ಬಂದರೆ ಆ ಬೀದಿಯವರೆಲ್ಲ ಮಲಯಾಳಂ ಚಾನೆಲ್ ಹಾಕಿಕೊಂಡು ಕೂರುತ್ತಾರೆ. ಭಾಷೆ ಬರುವುದಿಲ್ಲ, ಆದರೆ ನಾಳೆ ತಮ್ಮ ಮನೆಗೆ ಎಷ್ಟು ನೀರು ಬರುತ್ತದೆ ಎನ್ನುವುದು ಗೊತ್ತಾಗುತ್ತದೆ. ಆ ವರ್ಷವೂ ಪಾತ್ರೆಪಗಡ ಅಟ್ಟಕ್ಕೇರಿಸಿ, ಮಕ್ಕಳನ್ನು ಎತ್ತಿಕೊಂಡು ಛತ್ರಕ್ಕೆ ಹೋದರು. ನೀರು ಇಳಿದ ಮೇಲೆ ನಾನು ಹೋದೆ. ಬೀದಿಯಿಂದ ನೋಡಿದರೆ ಮನೆಗೆ ಏನೂ ಆಗಿರಲಿಲ್ಲ. ಹಸಿರು ಬಣ್ಣದ ಗೋಡೆ ಹಾಗೇ ನಿಂತಿತ್ತು. ಬಾಗಿಲು ತಳ್ಳಿ ಒಳಗೆ ಹೋಗಿ ನಡುಮನೆ ದಾಟಿದರೆ ಎದುರಿಗೇ ಹೊಳೆ. ಅಡುಗೆಮನೆಯ ಹಿಂಗೋಡೆ ಬುಡಸಮೇತ ಹೋಗಿತ್ತು. ದೇವಸ್ಥಾನಕ್ಕೆ ಬಂದವರು ಮುಳುಗೆದ್ದು ಹೊಳೆಯಲ್ಲೇ ಬಿಟ್ಟುಹೋಗುವ ಬಟ್ಟೆಗಳಿರುತ್ತವಲ್ಲ, ಅವೆಲ್ಲ ತೇಲಿಬಂದು ಅಕ್ಕನ ಒಲೆಕಟ್ಟೆಗೆ ಸುತ್ತಿಕೊಂಡಿದ್ದವು. ಯಾರದೋ ಪಂಚೆ, ಯಾರದೋ ಸೀರೆ, ಯಾವುದೋ ಮಗುವಿನ ಚಡ್ಡಿ. ಅಕ್ಕ ಅವನ್ನು ಕೋಲಿನಿಂದ ಬಿಡಿಸುತ್ತ, "ಊರೋರ ಪಾಪ ಎಲ್ಲಾ ನಮ್ಮನೇಗೇ ಬಂದದೆ ನೋಡ್ಲಾ" ಎಂದಳು.

ಹಾನಿ ನೋಡಲು ಬಂದ ನೌಕರ ಬೀದಿಯ ಕೆಸರಿಗೆ ಹೆದರಿ ಬೈಕಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಹಸಿರು ಗೋಡೆ ನೋಡಿ, ಅಲ್ಪ ಹಾನಿ ಎಂದು ಬರೆದುಕೊಂಡು ಹೋದ. ಅಲ್ಪ ಹಾನಿಗೆ ಬರುವುದು ಸುಣ್ಣ ಬಳಿಯುವುದಕ್ಕೂ ಸಾಲದ ಪರಿಹಾರ. ಗೋಡೆ ಏಳಬೇಕಾದರೆ ಅಧಿಕಾರಿ ಮತ್ತೊಮ್ಮೆ ಬಂದು, ಒಳಗೆ ಕಾಲಿಟ್ಟು, ಹಿಂದಕ್ಕೆ ನಡೆದು ನೋಡಬೇಕು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಆ ಸಾಲಿನ ಎಷ್ಟೋ ಮನೆಗಳದ್ದೂ ಅದೇ ಕಥೆ, ಮುಂದೆ ಮುಖ ಇದೆ, ಹಿಂದೆ ಬೆನ್ನಿಲ್ಲ. ಕೇಳುತ್ತ ಕೇಳುತ್ತ ಮಳೆಗಾಲ ಕಳೆದು, ಚಳಿ ಕಳೆದು, ಬೇಸಿಗೆ ಬಂತು. ಹಿಂದುಗಡೆ ನೀಲಿ ಟಾರ್ಪಾಲು ಕಟ್ಟಿಕೊಂಡು ಅಕ್ಕ ಅಡುಗೆ ಮಾಡುತ್ತಿದ್ದಳು. ಮುಂದಿನ ನೀರು ಬರುವುದರೊಳಗೆ ಗೋಡೆ ಎದ್ದರೆ ಮನೆ ಉಳಿಯುತ್ತದೆ, ಇಲ್ಲವಾದರೆ ನಡುಮನೆಯೂ ಹೋಗುತ್ತದೆ ಎಂದು ಗಾರೆಯವನು ಹೇಳಿದ್ದ.

ಆಗಲೇ ಬರ್ಮಾದಲ್ಲಿ ಭೂಕಂಪ ಆಯಿತು.

ಅದೇ ವಾರ ನಾನೂ ಅಕ್ಕನೂ ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಂಥದ್ದು ಎಲ್ಲ ಊರಲ್ಲೂ ಇದೆ. ಮೂಲೆಯಲ್ಲಿದ್ದ ಟಿವಿಯಲ್ಲಿ ನಮ್ಮ ಸರ್ಕಾರದ ದೊಡ್ಡ ವಿಮಾನಕ್ಕೆ ಡೇರೆ, ಕಂಬಳಿ, ಔಷಧಿ ಪೆಟ್ಟಿಗೆ ತುಂಬುವುದನ್ನು ತೋರಿಸುತ್ತಿದ್ದರು. ಕೌಂಟರಿನ ಹಿಂದಿದ್ದ ಗುಮಾಸ್ತರು ಅಕ್ಕನ ಮಾತು ಪೂರ್ತಿ ಕೇಳಲಿಲ್ಲ. ಪೆನ್ನಿನಿಂದ ಟಿವಿ ಕಡೆ ತೋರಿಸಿದರು.

"ಅಲ್ನೋಡಮ್ಮ. ಡೆಲ್ಲಿಯವ್ರು ಹೊರದೇಶಕ್ಕೆ ವಿಮಾನಗಟ್ಲೆ ಕಳಿಸ್ತಾ ಕೂತವ್ರೆ. ನಮಗೆ ಫಂಡ್ ಎಲ್ಲಿಂದ ಬರಬೇಕು? ನಾನೇನ್ ಮಾಡ್ಲಿ, ನೀವೇ ಹೇಳಿ."

ಒಳಗೆ ಹೋಗುವಾಗ ಅಕ್ಕನ ಸಿಟ್ಟು ಕೆಸರಿಗಿಳಿಯದ ಆ ಬೈಕಿನವನ ಮೇಲಿತ್ತು. ಹೊರಗೆ ಬರುವಾಗ ಅದು ಅವಳು ಕಂಡುಕೇಳದ ಒಂದು ದೇಶದ ಮೇಲೆ ತಿರುಗಿತ್ತು. ಮೆಟ್ಟಿಲಿಳಿಯುತ್ತ, "ಅವ್ರ್ಗೆ ಡೇರೆ, ನನ್ಗೆ ಟಾರ್ಪಾಲು" ಎಂದಳು. ನನಗೆ ಅಲ್ಲೇ ಏನೋ ಚುಚ್ಚಿತು. ಗುಮಾಸ್ತರು ಒಂದು ಹಾಳೆ ಸರಿಸಲಿಲ್ಲ, ಒಂದು ಫೋನ್ ಮಾಡಲಿಲ್ಲ, ಪೆನ್ನೆತ್ತಿ ಟಿವಿ ತೋರಿಸಿದರು, ಅವರ ಕೆಲಸ ಮುಗಿಯಿತು.

ನರಸೀಪುರಕ್ಕೆ ವಾಪಸ್ ಬರುವ ಬಸ್ಸಿನಲ್ಲೂ ಅದೇ ಮಾತು. ಮುಂದಿನ ಸೀಟಿನಲ್ಲಿ ಬಿಳಿ ಶರ್ಟಿನವರೊಬ್ಬರು ವಿಮಾನದ ವಿಡಿಯೋವನ್ನು ಜೋರಾಗಿ ಹಾಕಿಕೊಂಡಿದ್ದರು.

"ಇಲ್ಲಿ ರಸ್ತೆ ಗುಂಡಿ ಮುಚ್ಚಕ್ಕಾಗಲ್ಲ, ಅಲ್ಲಿಗೆ ಕಂಬ್ಳಿ ಕಳಿಸ್ತಾರಂತೆ. ಯಾರಪ್ಪನ್ ಗಂಟು?"

"ಪ್ರಚಾರ ಸಾ, ಬರೀ ಪ್ರಚಾರ. ಫೋಟೋಕ್ಕೆ," ಎಂದರು ಪಕ್ಕದವರು.

ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಮ್ಮಿಗೆಯ ಅಜ್ಜಿಯೊಬ್ಬರು ಬಾಯಿ ಹಾಕಿದರು. "ಕಂಬ್ಳಿ ತಾನೆ, ಕೊಟ್ರೆ ಕೊಡ್ಲಿ ಬುಡ್ರಪ್ಪ. ಅಲ್ಲೂ ಕೂಸುಮಕ್ಳು ಅವೆ."

"ನಿನ್ ಕಂಬ್ಳಿ ಕೊಡ್ತೀಯೇನಜ್ಜಿ?"

"ನನ್ದು ತೂತು ಬಿದ್ದದೆ. ಅವ್ರ್ಗೆ ಚಳಿ ಆಯ್ತದೆ."

ನನಗೆ ಸುಮ್ಮನಿರಲು ಆಗಲಿಲ್ಲ. ಸೀಟು ಹಿಡಿದು ಎದ್ದು ನಿಂತು, ಮಣ್ಣಿನಡಿ ಇರುವವನಿಗೆ ಮೊದಲ ಎರಡು ಮೂರು ದಿನವೇ ಮುಖ್ಯ, ಆ ಹೊತ್ತಿಗೆ ತಲುಪಬಲ್ಲವರು ಅಕ್ಕಪಕ್ಕದ ದೇಶದವರೇ, ನಮ್ಮ ಮನೆ ಬಿದ್ದರೆ ಗೋಡೆ ಆಚೆಯವನು ಬರುತ್ತಾನೋ ಬೇರೆ ಊರಿನವನು ಬರುತ್ತಾನೋ ಎಂದೆಲ್ಲ ಶುರು ಮಾಡಿದೆ. ಬಿಳಿ ಶರ್ಟಿನವರು ತಿರುಗಿ ನೋಡಿದರು.

"ನೀವೇನ್ ಮಿಲಿಟ್ರೀಲಿದ್ದೀರಾ?"

"ಇಲ್ಲ ಸಾ. ಫ್ಲೆಕ್ಸ್ ಅಂಗಡೀಲಿ."

ಇಡೀ ಬಸ್ಸು ನಕ್ಕಿತು. ನಗಲಿ. ನಾನು ನರಸೀಪುರದಲ್ಲಿ ಇಳಿಯುವ ತನಕ ಮಾತು ನಿಲ್ಲಿಸಲಿಲ್ಲ.

ಒಂದು ಮಾತು ಇಲ್ಲೇ ಹೇಳುತ್ತೇನೆ. ಸರ್ಕಾರವನ್ನು ಪ್ರಶ್ನೆ ಕೇಳಬಾರದು ಎಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಕೊಟ್ಟದ್ದು ಎಷ್ಟು, ಯಾರ ಕೈಗೆ ಕೊಟ್ಟಿರಿ, ಅಲ್ಲಿ ಆಳುವ ಬಂದೂಕಿನವರ ಗೋದಾಮಿಗೆ ಹೋಯಿತೋ ಬೀದಿಯಲ್ಲಿ ಮಲಗಿದವರಿಗೆ ಹೋಯಿತೋ, ಇದನ್ನೆಲ್ಲ ಕೇಳಲೇಬೇಕು. ಆದರೆ ಬಸ್ಸಿನಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಯಾಕೆ ಕೊಟ್ಟಿರಿ ಎಂದು ಮಾತ್ರ ಕೇಳಿದರು. ಆ ಎರಡು ಪ್ರಶ್ನೆ ಒಂದೇ ಅಲ್ಲ.

ಮುಂದಿನ ಭಾನುವಾರ ಹೊಳೆಬೀದಿಯವರು ಹಾಲಿನ ಡೈರಿ ಮುಂದೆ ಸೇರಿದರು. ಕಚೇರಿ ಮುಂದೆ ಧರಣಿ ಕೂರುವುದೆಂದು ತೀರ್ಮಾನವಾಯಿತು. ಮುಂದಾಳು ಬೀದಿಯ ಯಜಮಾನರು. ಇವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಸಭೆಯಲ್ಲೂ "ಒಳಗಡೆ ಬನ್ನಿ, ಒಳಗಡೆ ಬನ್ನಿ, ಮಧ್ಯ ಖಾಲಿ ಅದೆ" ಎಂದೇ ಜನರನ್ನು ಕೂರಿಸುತ್ತಾರೆ. ಅವರ ಮನೆಗೂ ಹಿಂಗೋಡೆ ಇರಲಿಲ್ಲ. ಬ್ಯಾನರಿಗೆ ಸಾಲನ್ನು ಅವರೇ ಕಟ್ಟಿದ್ದರು. ಎದ್ದು ನಿಂತು ಹೇಳಿದರು.

"ಹೊರದೇಶಕ್ಕೆ ವಿಮಾನ, ನಮಗೆ ಅವಮಾನ."

ಜನ ಚಪ್ಪಾಳೆ ತಟ್ಟಿದರು. ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಅಕ್ಷರ ದಪ್ಪ ಮಾಡಿ, ಕೆಂಪು ಹಾಕಿ, ಹಿಂದೆ ಒಂದು ವಿಮಾನ ಕೂರಿಸಿದರೆ ಎಂಥ ಫ್ಲೆಕ್ಸ್ ಆಗುತ್ತಿತ್ತು ಎಂದು ಕಣ್ಣಿಗೆ ಕಟ್ಟಿತು. ಆದರೂ ಎದ್ದು ನಿಂತೆ.

"ಯಜಮಾನ್ರೇ, ಈ ಸಾಲು ಬೇಡ."

"ಯಾಕ್ಲಾ, ಪ್ರಾಸ ಕೂತಿಲ್ವಾ?"

"ಪ್ರಾಸ ಕೂತದೆ. ಮಾತು ಕೂತಿಲ್ಲ. ಇದು ಆ ಗುಮಾಸ್ತರ ಮಾತು. ಅವರು ಟಿವಿ ತೋರ್ಸಿ ಅಕ್ಕನ್ನ ಕಳಿಸಿದ್ರು. ನಾವು ಅದನ್ನೇ ಬರೆದು ಅವ್ರ ಗೇಟಿಗೆ ಕಟ್ಟಿದ್ರೆ ಒಳಗೆ ಕೂತ್ಕೊಂಡು ಖುಷಿ ಪಡ್ತಾರೆ. ನಮ್ಮ ಮೇಲೆ ತಪ್ಪಿಲ್ಲ, ಎಲ್ಲಾ ಡೆಲ್ಲಿದು ಅಂತಾರೆ."

"ಅಂಗಾರೆ ಬರ್ಮಾಕ್ಕೆ ಕೊಟ್ಟಿದ್ದು ಸರಿ ಅಂತೀಯಾ ನೀನು?"

"ಸರಿ ಅಂತೀನಿ."

ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಅಕ್ಕ ತಲೆ ಬಗ್ಗಿಸಿಕೊಂಡಳು. ಯಜಮಾನರು ಟಿಕೆಟ್ ಇಲ್ಲದವನನ್ನು ಹಿಡಿದಂತೆ ನಿಧಾನಕ್ಕೆ ಹತ್ತಿರ ಬಂದರು.

"ನಿಮ್ಮಕ್ಕನ ಗೃಹಪ್ರವೇಶಕ್ಕೆ ಬರ್ಮಾದೋರು ಬಂದು ಮುಯ್ಯಿ ಮಾಡಿದ್ರೇನ್ಲಾ?"

ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಹೋದವರು ಮುಯ್ಯಿ ಮಾಡುತ್ತಾರೆ, ದುಡ್ಡೋ ಪಾತ್ರೆಯೋ. ಅವರ ಮನೆಯ ಕಾರ್ಯ ಬಂದಾಗ ಇವರು ಅದಕ್ಕಿಂತ ಒಂದು ಕೈ ಮೇಲೆ ಇಡಬೇಕು. ಮಾಡದ ಮನೆಗೆ ಮಾಡಬೇಕಾಗಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಕಾನೂನು, ಅದರ ಮುಂದೆ ನನ್ನ ವಿಡಿಯೋಗಳ ಜ್ಞಾನ ಎಲ್ಲ ನೆಲ ಕಚ್ಚಿತು. ಜನ ನಕ್ಕರು. ಭಾವನೂ ನಕ್ಕ.

"ಆ ಸಾಲಿನ ಬ್ಯಾನರ್ ನಾನು ಮಾಡಲ್ಲ," ಎಂದಷ್ಟೇ ಹೇಳಿ ಕೂತೆ.

ಯಜಮಾನರು ಮಾರನೆಯ ದಿನ ನೇರ ನಮ್ಮ ಓನರ್ ಅಣ್ಣನಿಗೆ ಫೋನ್ ಮಾಡಿ ಆರ್ಡರ್ ಕೊಟ್ಟರು. ಓನರ್ ಅಣ್ಣ ಫೋನಿಟ್ಟು, "ಗಿರಾಕಿ ಏಳಿದ್ದು ಒಡಿ, ನಿನ್ ಭಾಷ್ಣ ಆಮ್ಯಾಕೆ" ಎಂದರು.

"ನಾನು ಹೊಡೆಯಲ್ಲ ಅಣ್ಣ. ಬೇಕಾದ್ರೆ ನೀವೇ ಟೈಪ್ ಮಾಡಿ."

ಓನರ್ ಅಣ್ಣನಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ. ಸುಮ್ಮನೆ ಹಠಕ್ಕೆ ಕಂಪ್ಯೂಟರ್ ಮುಂದೆ ಕೂತು 'ಹೊರದೇಶ' ಎಂದು ಬರೆಯಲು ಮಧ್ಯಾಹ್ನದ ತನಕ ಒದ್ದಾಡಿದರು. 'ದೇ' ಅಕ್ಷರದ ದೀರ್ಘ ಹುಡುಕುತ್ತ ಹುಡುಕುತ್ತ, ಕೊನೆಗೆ ಎದ್ದು, "ಥೂ, ನಿನ್ ಬರ್ಮಾ ಮನೆ ಹಾಳಾಗ" ಎಂದು ಟೀ ಕುಡಿಯಲು ಹೋದರು.

ಅಲ್ಲಿಗೆ ಯಜಮಾನರಿಗೆ ಕೋಪ ಬಂತು. ಬಂದು ಅಕ್ಕನ ಬಾಗಿಲಲ್ಲಿ ನಿಂತು, "ನಿನ್ ತಮ್ಮನ್ನ ಕಟ್ಕೊಂಡು ನೀನೇ ಓರಾಟ ಮಾಡ್ಕೊ ತಾಯಿ. ನಮ್ ಜೊತೆ ಬರ್ಬ್ಯಾಡ" ಎಂದು ಹೇಳಿಹೋದರು. ಇದು ಬರೀ ಮಾತಲ್ಲ. ಒಬ್ಬೊಬ್ಬರಾಗಿ ಹೋದರೆ ಕಚೇರಿಯಲ್ಲಿ ಟಿವಿ ತೋರಿಸುತ್ತಾರೆ, ಬೀದಿಯೇ ಎದ್ದು ಹೋದರೆ ಮಾತ್ರ ಸಾಹೇಬರು ಹೊರಗೆ ಬರುತ್ತಾರೆ. ಬೀದಿ ಬಿಟ್ಟರೆ ಅಕ್ಕನಿಗೆ ಗೋಡೆ ಇಲ್ಲ. ಸುದ್ದಿ ತಿಳಿದು ನಾನು ಹೋದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು, ಬೆನ್ನ ಹಿಂದೆ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು.

"ಇಲ್ಲಿ ಕೂತ್ರೆ ನಾನು ತೆಪ್ಪದೋನಿಗೆ ಕಾಣ್ತೀನಿ ಕಣ್ಲಾ. ಸ್ನಾನಕ್ಕೆ ಪಕ್ಕದ್ಮನೆಗೆ ಓಗ್ತೀನಿ. ನಿಂಗೆ ಬರ್ಮಾದೋರು ಅಕ್ಕತಂಗೀರಾ?"

"ಅಲ್ಲ. ಆದ್ರೆ ನಿನ್ ಗೋಡೆ ಅವರು ಕಿತ್ಕೊಂಡಿಲ್ಲ."

"ಮತ್ಯಾರು ಕಿತ್ಕೊಂಡ್ರು?"

"ಹೊಳೆ ಕಿತ್ಕೊಂಡದ್ದು. ಕಟ್ಟಿಕೊಡದೆ ಇರೋನು ಬೈಕಿಂದ ಇಳೀದೋನು. ಅವ್ನ ಹೆಸರು ಬರೆಯಕ್ಕೆ ನಿಮ್ಗೆ ಧೈರ್ಯ ಇಲ್ಲ, ದೂರದೋರನ್ನ ಬಯ್ಯಕ್ಕೆ ಅದೆ."

ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಭಾವನಿಗೆ ಹೇಳುವಂತೆ, "ಕಾಫಿ ಇಟ್ಟಿವ್ನಿ, ಕುಡಿಯೋರು ಇದ್ರೆ ಕುಡೀಲಿ" ಎಂದಳು. ನಾನು ಕುಡಿದೆ. ಸಕ್ಕರೆ ಹಾಕಿರಲಿಲ್ಲ.

ಧರಣಿ ನಡೆಯುವ ಮೊದಲೇ ಯಜಮಾನರ ತಾಯಿ ತೀರಿಕೊಂಡರು. ತುಂಬಾ ವಯಸ್ಸಾಗಿತ್ತು, ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈದು ಮಾತಾಡಿಸುತ್ತಿದ್ದ ಮುದುಕಿ. ಭಾವ ಫೋನ್ ಮಾಡಿದಾಗ ನಾನು ಮೊದಲ ಬಸ್ಸಿಗೆ ಹೋದೆ. ಹೋಗುವಷ್ಟರಲ್ಲಿ ಅಕ್ಕ ಟಾರ್ಪಾಲಿನ ಕೆಳಗೆ ದೊಡ್ಡ ಪಾತ್ರೆ ಇಟ್ಟು ಅನ್ನ ಮಾಡಿ, ತಿಳಿ ಸಾರು ಕುದಿಸುತ್ತಿದ್ದಳು. ಸತ್ತ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬೇಯಿಸಿ ಕಳಿಸುತ್ತಾರೆ. ಹಾಗೆ ಕಳಿಸಬೇಕೇ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಬೀದಿಯಿಂದ ಅವಳನ್ನು ಹೊರಗೆ ಹಾಕಿದ ಮನೆ ಅದು. ಗಾಳಿ ಬಂದಾಗೆಲ್ಲ ಒಲೆಯ ಬೆಂಕಿ ಹೊಳೆಯ ಕಡೆ ಬಾಗುತ್ತಿತ್ತು, ಅವಳು ಸೆರಗು ಅಡ್ಡ ಹಿಡಿದುಕೊಂಡು ಊದುತ್ತಿದ್ದಳು.

"ಎತ್ಕೊ," ಎಂದಳು ನನಗೆ. ಎಷ್ಟೋ ದಿನದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು.

ಯಜಮಾನರ ಮನೆಯಲ್ಲಿ ಹೆಂಗಸರು ಪಾತ್ರೆ ತೆಗೆದುಕೊಂಡರು. ಕಳಲೆಯಿಂದ ಬಂದಿದ್ದ ಅವರ ಮಗಳು ಮಕ್ಕಳನ್ನು ಕೂರಿಸಿ ಬಡಿಸಿದಳು. ಯಜಮಾನರು ಗೋಡೆಗೊರಗಿ ಕೂತಿದ್ದರು, ನನ್ನನ್ನು ನೋಡಿ ಸ್ವಲ್ಪ ಜಾಗ ಬಿಟ್ಟರು, ನಾನೂ ಕೂತೆ. ಅವರ ಮನೆಯ ಹಿಂಭಾಗದಲ್ಲೂ ಟಾರ್ಪಾಲು. ಸ್ವಲ್ಪ ಹೊತ್ತಿಗೆ ಮಗಳು ಪಾತ್ರೆಯನ್ನು ತಂದು ನನ್ನ ಮುಂದಿಟ್ಟಳು, ಬರಿದಾಗಿಯೇ. ಬೇರೆ ದಿನವಾದರೆ ಕೊಟ್ಟವರ ಪಾತ್ರೆಯನ್ನು ಬರಿದಾಗಿ ವಾಪಸ್ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾರೆ. ಸಾವಿನ ದಿನ ಏನೂ ಹಾಕುವುದಿಲ್ಲ, ಹಾಕಬಾರದು. ಬರುತ್ತೇನೆ ಎಂದೂ ಹೇಳಬಾರದು. ನಾನು ಏನೂ ಹೇಳದೆ ಎದ್ದುಬಂದೆ. ಬೀದಿಯಲ್ಲಿ ಬರಿಯ ಪಾತ್ರೆ ಹಿಡಿದು ನಡೆಯುವಾಗ, ಹಾಲಿನ ಡೈರಿಯ ಮುಂದೆ ಯಜಮಾನರು ಕೇಳಿದ್ದ ಮುಯ್ಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಅದನ್ನು ಆ ಮನೆಯಲ್ಲಿ ಆಡುವುದು ಹೇಗೆ?

ಉತ್ತರ ಆಡುವ ಜಾಗಕ್ಕೆ ಯಜಮಾನರೇ ಬಂದರು. ತಾಯಿಯ ಬೂದಿಯನ್ನು ನರಸೀಪುರದ ಸಂಗಮದಲ್ಲಿ, ಕಪಿಲೆ ಕಾವೇರಿಯನ್ನು ಸೇರುವ ಕಡೆ, ಬಿಡಲು ಬಂದಿದ್ದರು. ಕೆಲಸ ಮುಗಿಸಿ, ಒದ್ದೆ ಪಂಚೆಯಲ್ಲೇ ನಮ್ಮ ಅಂಗಡಿಗೆ ಬಂದು ಫೋಟೋ ಕೊಟ್ಟರು. ತಿಥಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಬೇಕಿತ್ತು. ಗುರುತಿನ ಚೀಟಿಯ ಮಂಕು ಫೋಟೋ. ನಾನು ಹಿನ್ನೆಲೆಯಿಂದ ಮುಖ ಬಿಡಿಸಿ, ಬೆಳಕು ಮಾಡಿ, ಬಿಳಿ ಕೂದಲನ್ನು ಒಂದೊಂದೇ ಎಳೆಯಾಗಿ ಉಳಿಸಿಕೊಂಡೆ. ಯಜಮಾನರು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು.

"ಬೈಯೋ ಅಂಗೇ ಕಾಣ್ತದೆ," ಎಂದರು.

"ಹಾಗೇ ಇರ್ಲಿ ಅಲ್ವಾ?"

"ಇರ್ಲಿ. ನಗೋ ಅಂಗೆ ಮಾಡಿದ್ರೆ ಯಾರೂ ಗುರ್ತು ಇಡಿಯಲ್ಲ." ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡು ಹೇಳಿದರು, "ನಿಮ್ಮಕ್ಕ ಅನ್ನ ಕಳಿಸಿದ್ಲು. ನಾನು ಅಷ್ಟು ಮಾತಾಡಿದ್ರೂ. ಅವ್ಳಿಗೆ ಎಂಗೆ ತೀರ್ಸೋದೋ ಗೊತ್ತಾಯ್ತಿಲ್ಲ ಕಣಪ್ಪ."

"ಸತ್ತ ಮನೆಗೆ ಕಳಿಸಿದ್ದಕ್ಕೆ ಮುಯ್ಯಿ ಇಲ್ಲ ಯಜಮಾನ್ರೇ. ತೀರಿಸ್ಬಾರದು ಅದನ್ನ."

"ಅದು ಸರಿ."

"ಕಳಿಸೋವಾಗ ಅಕ್ಕನ ಮನೇಲಿ ಗೋಡೆ ಇತ್ತಾ?"

ಅವರು ನನ್ನ ಮುಖ ನೋಡಿದರು. ಅರ್ಥವಾಗಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ತಂದ್ಯಲ್ಲಪ್ಪ ಬರ್ಮಾಕ್ಕೆ. ಬುಡಲ್ಲ ನೀನು."

"ಬಿಡಲ್ಲ. ಅಲ್ಲಿ ಊರಿಗೂರೇ ಸಾವಿನ ಮನೆ ಆಗ್ಯದೆ. ಗೃಹಪ್ರವೇಶ ಅಲ್ಲ ಅದು, ಮುಯ್ಯಿ ಲೆಕ್ಕ ಹಾಕಕ್ಕೆ."

"ಅವ್ವನ್ ಬೂದಿ ಬುಟ್ಟು ಬಂದ್ ದಿನಾನೇ ವಾದ ಮಾಡ್ತಾ ಕೂತಿದ್ದೀಯಲ್ಲ, ನಾಚ್ಕೆ ಆಗಲ್ವಾ?"

"ಆಗ್ತದೆ. ಆದ್ರೂ ಹೇಳ್ಬೇಕಿತ್ತು."

ಅವರು ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಸರ್ಕಾರ ಬೇರೆ, ಮನೆ ಬೇರೆ, ಅಕ್ಕ ಕೊಟ್ಟದ್ದು ಅವಳ ಅಕ್ಕಿ, ಡೆಲ್ಲಿಯವರು ಕೊಟ್ಟದ್ದು ತಮ್ಮ ತೆರಿಗೆ ಎಂದು ವಾದಿಸಿದರು. ಆ ತೆರಿಗೆಯಲ್ಲಿ ನನ್ನದೂ ಇದೆ, ನನ್ನ ಪಾಲಿನ ಕಂಬಳಿ ಹೋಗಲಿ ಬಿಡಿ ಎಂದೆ. ಓನರ್ ಅಣ್ಣ ಮಧ್ಯೆ ಟೀ ತರಿಸಿದರು. ಟೀ ಮುಗಿಯುವಾಗ ಯಜಮಾನರು ಲೋಟ ಕೆಳಗಿಟ್ಟು ಹೇಳಿದರು, "ಆಯ್ತು. ನನ್ ಸಾಲು ಬ್ಯಾಡ. ನಿನ್ ಸಾಲು ಏನದೆ, ಒಡಿ ನೋಡಣ."

ಅಲ್ಲೇ ಟೈಪ್ ಮಾಡಿ ತೋರಿಸಿದೆ. "ನಮ್ಮ ಗೋಡೆ ಎಲ್ಲಿ? ಉತ್ತರ ಈ ಕಚೇರಿಯಲ್ಲಿದೆ, ಬರ್ಮಾದಲ್ಲಿಲ್ಲ."

"ಪ್ರಾಸ ಇಲ್ಲ," ಎಂದರು. "ಬರ್ಮಾ ಯಾಕ್ ಬೇಕು ಅದ್ರಲ್ಲಿ?"

"ಸಾಹೇಬ್ರು ಅದನ್ನೇ ಹೇಳ್ತಾರೆ. ಮೊದ್ಲೇ ಬರೆದಿಟ್ರೆ ಆಮೇಲೆ ಹೇಳಕ್ಕೆ ಆಗಲ್ಲ."

ನನ್ನ ಲೆಕ್ಕ ತಪ್ಪಿತು. ಬ್ಯಾನರ್ ಕಣ್ಣ ಮುಂದೆಯೇ ಇದ್ದರೂ ಸಾಹೇಬರು ಅದನ್ನೇ ಹೇಳಿದರು. ಧರಣಿಯ ದಿನ ಬಿಸಿಲು ಏರುವ ಹೊತ್ತಿಗೆ ಬೀದಿಯವರೆಲ್ಲ ಗೇಟಿನ ಮುಂದೆ ಕೂತಿದ್ದೆವು, ಅಕ್ಕನೂ ಇದ್ದಳು. ಸಾಹೇಬರು ಮೆಟ್ಟಿಲ ಮೇಲೆ ನಿಂತು ಸಮಾಧಾನದ ದನಿಯಲ್ಲಿ, "ನೋಡಿ, ಮೇಲಿಂದ ಬಿಡುಗಡೆ ಆಗ್ಬೇಕು. ಅವರು ಹೊರಗಡೆಗೆಲ್ಲ ಕೊಡ್ತಾ ಇದ್ದಾರೆ, ನೀವೇ ಟಿವೀಲಿ ನೋಡಿದ್ದೀರಲ್ಲ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು.

"ಅವ್ರ್ ಮಾತು ಬ್ಯಾಡ ಸಾ. ಅವ್ರ್ ಮನೇಲಿ ಸಾವು ಆಗ್ಯದೆ, ಅವ್ರ್ಗೆ ಕೊಟ್ಟವ್ರೆ. ನಾನು ದುಡ್ಡು ಕೇಳಕ್ಕೆ ಬಂದಿಲ್ಲ ಇವತ್ತು. ನಮ್ಮನೆ ಒಳಕ್ಕೆ ಬಂದು ನೋಡಿ ಅಂತ ಕೇಳಕ್ ಬಂದಿವ್ನಿ. ಅದಕ್ಕೂ ಡೆಲ್ಲಿಯಿಂದ ಬರ್ಬೇಕಾ? ಇಲ್ಲಿಂದ ನಡ್ಕೊಂಡ್ ಓಗ್ಬೋದು."

ಸಾಹೇಬರು ಅಕ್ಕನನ್ನು ನೋಡಿದರು, ಬ್ಯಾನರನ್ನು ನೋಡಿದರು, ಆಮೇಲೆ ಕೈಗಡಿಯಾರ ನೋಡಿಕೊಂಡರು. ಮಧ್ಯಾಹ್ನ ಮೀಟಿಂಗ್ ಇದೆ, ನಾಳೆ ಯಾರನ್ನಾದರೂ ಕಳಿಸುತ್ತೇನೆ ಎಂದರು. ಆಗ ಯಜಮಾನರು ಎದ್ದರು. ತಲೆ ಬೋಳಿಸಿಕೊಂಡಿದ್ದರು, ಇನ್ನೂ ತಿಥಿ ಆಗಿರಲಿಲ್ಲ, ಹೊರಗೆ ಬರಬಾರದಿದ್ದರೂ ಬಂದಿದ್ದರು. ರಸ್ತೆಯಲ್ಲಿ ನಿಂತಿದ್ದ ಆಟೋವನ್ನು ಕೈ ಅಡ್ಡ ಹಾಕಿ ಗೇಟಿಗೆ ತಂದರು.

"ಅತ್ತಿ ಸಾ, ಅತ್ತಿ. ಒಬ್ರಿಗೆ ಜಾಗ ಅದೆ. ಟಿಕೆಟ್ ಬೇಕಾಗಿಲ್ಲ."

ಯಾರೋ ನಕ್ಕರು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ಟೇಪು ಹಿಡಿದ ಒಬ್ಬರನ್ನು ಕರೆದುಕೊಂಡು ಹತ್ತಿದರು. ನಾವೆಲ್ಲ ಹಿಂದೆ ನಡೆದೆವು.

ಅಕ್ಕನ ಹಸಿರು ಗೋಡೆಯ ಮುಂದೆ ಇಳಿದಾಗ ಅವರು, "ಮನೆ ಚೆನ್ನಾಗೇ ಇದೆಯಲ್ಲಮ್ಮ" ಎಂದರು. ಅಕ್ಕ ಬಾಗಿಲು ತೆಗೆದು ಪಕ್ಕಕ್ಕೆ ನಿಂತಳು. ಸಾಹೇಬರು ಚಪ್ಪಲಿ ಬಿಟ್ಟು, ನಡುಮನೆ ದಾಟಿ, ಟಾರ್ಪಾಲು ಸರಿಸಿದರು. ಎದುರಿಗೆ ಹೊಳೆ ಬಿಸಿಲಲ್ಲಿ ಮಿನುಗುತ್ತಿತ್ತು. ತೆಪ್ಪದವನೊಬ್ಬ ಹುಟ್ಟು ನಿಲ್ಲಿಸಿ ಇವರನ್ನೇ ನೋಡಿದ. ಸಾಹೇಬರು ಎರಡು ಹೆಜ್ಜೆ ಹಿಂದಕ್ಕೆ ಬಂದರು.

"ಇಲ್ಲಿ ಗೋಡೇನೇ ಇಲ್ವಲ್ರೀ."

"ಅದನ್ನೇ ಏಳ್ತಾ ಇದ್ದಿದ್ದು ಸಾ," ಎಂದಳು ಅಕ್ಕ.

ಟೇಪು ಹಿಡಿದವರು ಅಳತೆ ಶುರು ಮಾಡಿದರು. ಆಮೇಲೆ ಪಕ್ಕದ ಮನೆ, ಯಜಮಾನರ ಮನೆ, ಇಡೀ ಸಾಲು.

ಎಲ್ಲ ಸುಸೂತ್ರವಾಗಿ ಆಯಿತು ಎಂದಲ್ಲ. ಮತ್ತೆ ಎಷ್ಟೋ ಸಲ ಕಚೇರಿಗೆ ಅಲೆದೆವು, ಕೆಲವರಿಗೆ ಇನ್ನೂ ಬಂದಿಲ್ಲ. ಆ ಗುಮಾಸ್ತರು ಈಗಲೂ ಟಿವಿ ನೋಡುತ್ತಾರೆ. ಬಸ್ಸಿನಲ್ಲಿ ಈಗಲೂ ನನ್ನನ್ನು ಕಂಡರೆ ಕೆಲವರು "ಬರ್ಮಾ ಬಂತು" ಎನ್ನುತ್ತಾರೆ. ಎನ್ನಲಿ. ಇನ್ನೊಂದು ದೇಶದಲ್ಲಿ ಇನ್ನೊಂದು ಸಾವಾದರೂ ನಾನು ಅದೇ ಮಾತು ಹೇಳುತ್ತೇನೆ, ಅದೇ ದಿನ ಅಕ್ಕನ ಬೀದಿಯ ಉಳಿದ ಮನೆಗಳಿಗಾಗಿ ಕಚೇರಿ ಮುಂದೆಯೂ ಕೂರುತ್ತೇನೆ. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಸಿಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಅಕ್ಕನಿಗೆ ಮೊದಲ ಕಂತು ಬಂದಾಗ ವಯನಾಡಿನ ಕಡೆ ಮೋಡ ಕಟ್ಟುತ್ತಿತ್ತು. ಭಾವ ಅವಸರ ಮಾಡಿ ಗಾರೆಯವರನ್ನು ಕರೆಸಿದ. ನಾನು ರಜೆ ಹಾಕಿ ಹೋಗಿ ಇಟ್ಟಿಗೆ ಹೊತ್ತೆ. ಅಕ್ಕ ಬಾಂಡಲಿಯಲ್ಲಿ ಗಾರೆ ಕೊಡುತ್ತ, "ನಿನ್ ಮಾತು ಒಪ್ಪಿವ್ನಿ ಅನ್ಕೋಬ್ಯಾಡ. ಅವತ್ತು ಆ ಸಾಹೇಬ ಉರ್ಸಿದ, ಅದ್ಕೆ ಅಂದೆ" ಎಂದಳು. ನಾನು ಆಯಿತು ಎಂದೆ. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಗಾರೆಯವನು ನಿಂತು ಕೇಳಿದ, ಇಲ್ಲಿ ಕಿಟಕಿ ಬಿಡುವುದೋ ಮುಚ್ಚಿಬಿಡುವುದೋ.

"ಮುಚ್ಚಿ," ಎಂದ ಭಾವ. "ಒಳೆ ಕಡೆ ಕಿಟಕಿ ಇಟ್ರೆ ನೀರು ನುಗ್ತದೆ."

ಅಕ್ಕ ಬಾಂಡಲಿ ಕೆಳಗಿಟ್ಟಳು.

"ನುಗ್ಗೋ ನೀರು ಗೋಡೇನೂ ಕೇಳಲ್ಲ, ಕಿಟಕೀನೂ ಕೇಳಲ್ಲ. ಅದು ಬರೋದು ನನ್ಗೆ ಮೊದ್ಲು ಕಾಣ್ಬೇಕು. ಇಡಿ ಕಿಟಕಿ."

ಗಾರೆಯವನು ಭಾವನ ಮುಖ ನೋಡಿದ. ಭಾವ, ಗಾರೆಯವನೇ ತಂದು ಒರಗಿಸಿದ್ದ ಕಿಟಕಿ ಚೌಕಟ್ಟಿನ ಕಡೆ ಕೈ ತೋರಿಸಿದ. ಗಾರೆಯವನು ಚೌಕಟ್ಟಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ.